ಚಂದ್ರಮೌಳಿಯವರ ಜಿಟಿಓ

ನ್ಯೂ ಲಿನ್ ಬಡಾವಣೆಯ ಆ ಮನೆ ಯಾರದೆಂದು ಮೊದಲೇ ಗೊತ್ತಿದ್ದರೆ ತನುಶ್ರೀ ಕೆಲಸ ಒಪ್ಪಿಕೊಳ್ಳುತ್ತಲೇ ಇರಲಿಲ್ಲ. ಹಳೆಯ ಕಾರು ಕೊಳ್ಳುವವರ ಪರವಾಗಿ ಹೋಗಿ, ಗಾಡಿ ಪರೀಕ್ಷಿಸಿ ವರದಿ ಬರೆದುಕೊಡುವುದು ಅವಳ ಉದ್ಯೋಗ. ಈ ಸಲ ಕರೆದಿದ್ದವನು ವಾರೆನ್ ಎಂಬ ನಿವೃತ್ತ ಲಾರಿ ಚಾಲಕ. ಅವನು ಕಳಿಸಿದ್ದು ವಿಳಾಸ, ಜೊತೆಗೆ ಜಾಹೀರಾತಿನ ಒಂದು ಸಾಲು: ‘1968ರ ಪಾಂಟಿಯಾಕ್ ಜಿಟಿಓ, ಅಸಲಿ.’ ಆ ಅಮೆರಿಕನ್ ಕಾರುಗಳು ಊರಲ್ಲಿ ಹಲವಿದ್ದವು; ಮಾರುವವರ ಹೆಸರು ಇರಲಿಲ್ಲ.

ಹಿಂಬದಿ ತೆರೆದ ತನ್ನ ಯೂಟ್ ಗಾಡಿಯನ್ನು ಒಳಗೆ ತಂದು ನಿಲ್ಲಿಸಿ ಇಳಿದಾಗ ಗ್ಯಾರೇಜಿನ ಮುಂದೆ ಚಂದ್ರಮೌಳಿ ನಿಂತಿದ್ದರು.

ಒಂಬತ್ತು ವರ್ಷದ ಹಿಂದೆ, ಹುಬ್ಬಳ್ಳಿಯಿಂದ ಈ ದೇಶಕ್ಕೆ ಓದಲು ಬಂದ ಹೊಸದರಲ್ಲಿ, ಇದೇ ನಗರದ ಸ್ಯಾಂಡ್ರಿಂಗಮ್‌ನಲ್ಲಿದ್ದ ಅವರ ಮನೆಯ ಹಿಂದಿನ ಕೋಣೆಯಲ್ಲಿ ಅವಳು ಹದಿನಾಲ್ಕು ತಿಂಗಳು ಇದ್ದಳು. ಪ್ರತಿ ಭಾನುವಾರ ಇದೇ ಕೆಂಪು ಕಾರನ್ನು ಅವಳಿಂದ ತೊಳೆಸುತ್ತಿದ್ದರು. ಕನ್ನಡ ಕೂಟದವರು ಬಂದರೆ ‘ಇವಳು ನಮ್ಮನೆ ಕಾರ್ ವಾಶು’ ಎಂದು ನಗುತ್ತಿದ್ದರು. ಕೊನೆಗೆ ಪರೀಕ್ಷೆಯ ವಾರದಲ್ಲಿ, ಬಾನೆಟ್ಟಿನ ಮೇಲೆ ಗೀರು ಬಿದ್ದಿದೆಯೆಂದು ಅವಳ ಸೂಟ್‌ಕೇಸನ್ನು ಹೊರಗೆ ತಂದಿಟ್ಟಿದ್ದರು. ಗೀರು ಹಾಕಿದ್ದು ಅವಳಲ್ಲ.

“ಓಹೋ, ನೀನಾ?” ಎಂದರು ಚಂದ್ರಮೌಳಿ. “ಈಗ ಇನ್‌ಸ್ಪೆಕ್ಟರಮ್ಮ.”

“ನಮಸ್ಕಾರ್ರಿ ಅಂಕಲ್,” ಎಂದಷ್ಟೇ ಹೇಳಿ ಅವಳು ಟಾರ್ಚ್ ತೆಗೆದಳು.

ಮೊದಲೇ ಬಂದಿದ್ದ ವಾರೆನ್ ಕಾರಿನ ಸುತ್ತ ಸಂತೋಷದಿಂದ ಸುತ್ತುತ್ತಿದ್ದ. ತನುಶ್ರೀ ಬಟ್ಟೆ ಸುತ್ತಿದ ಅಯಸ್ಕಾಂತವನ್ನು ಬಾಗಿಲ ಮೇಲಿಟ್ಟಳು, ಅಂಟಿತು. ಹಿಂದಿನ ಚಕ್ರದ ಮೇಲ್ಭಾಗಕ್ಕಿಟ್ಟಳು, ಜಾರಿ ಬಿತ್ತು. ಅಲ್ಲಿ ತಗಡು ತುಕ್ಕು ತಿಂದು ಹೋಗಿ, ಪುಟ್ಟಿ ತುಂಬಿ ಬಣ್ಣ ಹೊಡೆದಿದ್ದರು. ಹಳೆಯ ಕಾರುಗಳಲ್ಲಿ ಅದು ಹೊಸದೇನಲ್ಲ. ಆದರೆ ಮುಂಗಾಜಿನ ಒಳಗಿನ ತಗಡಿನ ಪಟ್ಟಿಯ ಮೇಲೆ ಕಾರ್ಖಾನೆ ಹಾಕಿದ ಗುರುತಿನ ಸಂಖ್ಯೆಗೆ ಟಾರ್ಚ್ ಹಿಡಿದವಳು ಅಲ್ಲೇ ನಿಂತುಬಿಟ್ಟಳು. ಆ ವರ್ಷದ ಜಿಟಿಓ ಸಂಖ್ಯೆ 242ರಿಂದ ಶುರುವಾಗಬೇಕು. ಇಲ್ಲಿದ್ದದ್ದು 237. ಅದೇ ಕಂಪನಿಯ ಸಾಧಾರಣ, ಅಗ್ಗದ ಲೆಮಾನ್ಸ್ ಕಾರಿಗೆ ಯಾರೋ ಜಿಟಿಓ ಅಕ್ಷರ ಅಂಟಿಸಿದ್ದರು.

ಹಳೆಯ ಸಿಟ್ಟು ತನ್ನ ಕಣ್ಣನ್ನು ಕೆಡಿಸಿರಬಹುದೆಂದು ಅವಳು ಮೂರು ಸಲ ಓದಿದಳು. ಮೂರು ಸಲವೂ 237. ಅದನ್ನು ವರದಿಯ ಹಾಳೆಯಲ್ಲಿ ಗುರುತು ಮಾಡಿಕೊಂಡಳು.

ಚಂದ್ರಮೌಳಿ ಪಕ್ಕಕ್ಕೆ ಬಂದರು. ಮುಖದಲ್ಲಿ ವಾರೆನ್‌ಗಾಗಿ ನಗು, ಬಾಯಲ್ಲಿ ಕನ್ನಡ.

“ನೋಡಮ್ಮಾ, ಅವನಿಗೇನೂ ಗೊತ್ತಾಗಲ್ಲ. ಸುಮ್ನೆ ಸರಿಯಾಗಿದೆ ಅಂತ ಬರ್ಕೊಡು. ನಮ್ಮೋರು ನಮ್ಮೋರ ಕಾಲೆಳೀಬಾರ್ದು.”

“ಏನೈತೋ ಅದನ್ನ ಬರೀತೀನ್ರಿ.”

“ನೆಲೆ ಕೊಟ್ಟೋನಿಗೆ ಇದಾ ನೀನ್ ಮಾಡೋದು?”

“ನೆಲೆ ಕೊಟ್ಟ್ರಿ, ಹೊರಗೂ ಹಾಕಿದ್ರಿ. ಎರಡೂ ನೆನಪೈತ್ರಿ.”

ಅವರು ತಟ್ಟನೆ ಇಂಗ್ಲಿಷಿಗೆ ಹೊರಳಿ ವಾರೆನ್‌ನತ್ತ ತಿರುಗಿದರು. ಈ ಹುಡುಗಿ ಹಿಂದೆ ನಮ್ಮ ಮನೆಯಲ್ಲಿದ್ದಳು, ಕಾರು ಹಾಳು ಮಾಡಿದ್ದಕ್ಕೆ ಓಡಿಸಿದೆ, ಈಗ ಹಗೆ ತೀರಿಸಿಕೊಳ್ಳುತ್ತಿದ್ದಾಳೆ ಎಂದರು. ವಾರೆನ್‌ನ ಮುಖ ಬಿಗಿದುಕೊಂಡಿತು. “ನಿಜವೇ?” ಎಂದು ಅವಳನ್ನು ಕೇಳಿದ.

“ಇವರ ಮನೆಯಲ್ಲಿದ್ದದ್ದು ನಿಜ,” ಎಂದಳು ತನುಶ್ರೀ. “ನನ್ನನ್ನು ನಂಬಬೇಡಿ. ನೀವೇ ಓದಿ.”

ಫೋನಿನಲ್ಲಿ ಯಾವ ಮಾದರಿಗೆ ಯಾವ ಸಂಖ್ಯೆ ಎಂಬ ಪಟ್ಟಿ ತೆರೆದು ಅವನ ಕೈಗೆ ಕೊಟ್ಟಳು. ವಾರೆನ್ ಬಗ್ಗಿ, ಒಂದೊಂದೇ ಅಂಕಿಯನ್ನು ಗಟ್ಟಿಯಾಗಿ ಓದಿದ. ಆಮೇಲೆ ಬೆನ್ನು ನೆಟ್ಟಗೆ ಮಾಡಿ ಚಂದ್ರಮೌಳಿಯವರನ್ನು ದಿಟ್ಟಿಸಿ ನೋಡಿದ. ತನ್ನ ಕಾರು ಹತ್ತಿ ಹೋಗಿಬಿಟ್ಟ.

“ನಂಗ್ ಗೊತ್ತಿತ್ತು ಕಣೇ,” ಎಂದರು ಚಂದ್ರಮೌಳಿ. “ತಗೊಂಡ ಮರುವರ್ಷವೇ ಗೊತ್ತಾಯ್ತು. ನಾನ್ ಮೋಸ ಹೋಗಿಲ್ವಾ? ಇನ್ನೊಬ್ಬನೂ ಹೋಗ್ಲಿ.”

ಅವಳು ಯೂಟ್ ಹತ್ತುವಷ್ಟರಲ್ಲಿ ಅವರು ಪಾಂಟಿಯಾಕ್ ಶುರು ಮಾಡಿ, ಗುಡುಗಿಸುತ್ತ ತಂದು ದಾರಿಗೆ ಅಡ್ಡ ನಿಲ್ಲಿಸಿದರು. ಕೀಲಿ ಜೇಬಿಗಿಟ್ಟುಕೊಂಡರು.

“ಈಗ ಹೋಗು, ನೋಡ್ತೀನಿ. ಆ ವರದಿ ಕಾಗದ ಹರಿದು ಕೈಗೆ ಕೊಟ್ಟು ಆಮೇಲೆ ಹೋಗು.”

“ಗಾಡಿ ತಗೀರಿ ಅಂಕಲ್.”

ಅವರು ಕದಲಲಿಲ್ಲ. ಪೊಲೀಸರನ್ನು ಕರೆಯಬಹುದಿತ್ತು, ಕಾಯಬಹುದಿತ್ತು. ಅವಳು ಎರಡನ್ನೂ ಮಾಡದೆ ಸ್ಟಿಯರಿಂಗ್ ಪೂರ್ತಿ ತಿರುಗಿಸಿ, ಹುಲ್ಲುಹಾಸಿನ ಮೇಲೆ ಯೂಟ್ ನುಗ್ಗಿಸಿದಳು. ಬೇಲಿಯ ಅಂಚಿನಲ್ಲಿ ಮೆಂತ್ಯ, ದಂಟಿನ ಸೊಪ್ಪಿನ ಮಡಿಗಳಿದ್ದವು. ಚಕ್ರ ಅವುಗಳ ಮೇಲೇ ಹಾಯ್ದುಹೋಯಿತು. ರಸ್ತೆಗಿಳಿಯುವಾಗ ಕನ್ನಡಿಯಲ್ಲಿ ಕಂಡವರು ಚಂದ್ರಮೌಳಿಯವರ ಹೆಂಡತಿ ಅರುಂಧತಿ ಆಂಟಿ. ಆ ಹದಿನಾಲ್ಕು ತಿಂಗಳು ಗಂಡನ ಕಣ್ಣು ತಪ್ಪಿಸಿ ಅವಳಿಗೆ ಊಟದ ಡಬ್ಬಿ ಕಟ್ಟಿಕೊಟ್ಟವರು. ನೀರಿನ ಪೈಪು ಹಿಡಿದು, ಜಜ್ಜಿಹೋದ ತಮ್ಮ ಮಡಿಯನ್ನು ನೋಡುತ್ತ ನಿಂತಿದ್ದರು.

ವಾರದಲ್ಲೇ ಕಾರು ಮತ್ತೆ ಜಾಹೀರಾತಿನಲ್ಲಿ ಬಂತು, ಮತ್ತೆ ‘ಅಸಲಿ’ ಎಂದೇ. ತನುಶ್ರೀ ಜಾಹೀರಾತಿನ ಜಾಲತಾಣಕ್ಕೆ ದೂರು ಕೊಟ್ಟು ತೆಗೆಸಿದಳು. ಅದರ ಮುಂದಿನ ಜಾಹೀರಾತಿನಲ್ಲಿ ‘ಲೆಮಾನ್ಸ್’ ಎಂದಿತ್ತು.

ತಿಂಗಳ ಮೇಲೆ ಸ್ಯಾಂಡ್ರಿಂಗಮ್‌ನ ದಿನಸಿ ಅಂಗಡಿಯಲ್ಲಿ ಅರುಂಧತಿ ಎದುರಾದರು. ಕೈಯಲ್ಲಿ ಮೆಂತ್ಯದ ಕಟ್ಟು. “ಆಂಟಿ, ನಂದು ತಪ್ಪಾತ್ರಿ...” ಎಂದಳು ತನುಶ್ರೀ.

“ಅವರ ಮೇಲಿನ ಸಿಟ್ಟನ್ನ ಅವರ ಮೇಲೇ ತೀರಿಸ್ಕೋಬೇಕಿತ್ತು,” ಎಂದು ಹೇಳಿ ಅರುಂಧತಿ ಬಿಲ್ಲು ಹಾಕಿಸಲು ಹೋದರು.