ಎರಡು ಗೇಟಿಗೆ ಒಂದೇ ಹ್ಯಾಂಡಲ್

"ಲೇ ಮುಂಡೇವಾ, ಒಂದು ಹಾಸಿಗೆ ಎಳೆಯೋಕೆ ಎಷ್ಟು ಹೊತ್ರೇ?"

ದಂಡೆಯ ಮೇಲೆ ಕೊಡೆ ಹಿಡಿದು ನಿಂತಿದ್ದ ಮೇಸ್ತ್ರಿ ಬೈದ. ಅತ್ತಿಗೆ ಮತ್ತು ನಾನು ದೊಡ್ಡ ಮೋರಿಯಲ್ಲಿ ಸೊಂಟದವರೆಗೆ ನೀರಲ್ಲಿ ನಿಂತು, ಜಾಲರಿಗೆ ಸಿಕ್ಕಿಕೊಂಡಿದ್ದ ಹಳೇ ಹಾಸಿಗೆಯೊಂದನ್ನು ಎಳೆಯುತ್ತಿದ್ದೆವು. ಮೇಲಿನ ಬಡಾವಣೆಯವರು ಮೋರಿಗೆ ಏನು ಬೇಕಾದರೂ ಎಸೆಯುತ್ತಾರೆ. ಪುಣ್ಯಕ್ಕೆ ಹಾಸಿಗೆಯ ಮೇಲೆ ಯಾರೂ ಮಲಗಿರಲಿಲ್ಲ.

"ನೀನೂ ಇಳಿಯಣ್ಣ, ತಲೆ ತಣ್ಣಗಾಗತ್ತೆ," ಎಂದಳು ಅತ್ತಿಗೆ.

ಹೊಳೆ ತುಂಬಿದರೆ ಮೋರಿ ನೀರು ಹೊಳೆಗೆ ಇಳಿಯದೆ ಹಿಂದಕ್ಕೆ ಉಕ್ಕುತ್ತದೆ. ಅದಕ್ಕೇ ಇಲ್ಲಿ ಎರಡು ಗೇಟು. ಒಂದನ್ನು ಎತ್ತಿದರೆ ನೀರು ಕ್ಲಬ್ಬಿನ ಮೈದಾನಕ್ಕೆ, ಇನ್ನೊಂದನ್ನು ಎತ್ತಿದರೆ ನಮ್ಮ ಓಣಿಗೆ. ಮೈದಾನದ ಗೇಟು ಎತ್ತಿದ್ದನ್ನು ನಾನಂತೂ ಕಂಡಿಲ್ಲ. ಗೇಟಿಗೆ ಸಿಕ್ಕಿಸಿ ತಿರುಗಿಸುವ ಕಬ್ಬಿಣದ ಹ್ಯಾಂಡಲ್ ಎರಡಕ್ಕೂ ಸೇರಿ ಒಂದೇ. ಅಲ್ಲೇ ಬಿಟ್ಟರೆ ಗುಜರಿಗೆ ಹೋಗಿಬಿಡುತ್ತದೆಂದು ಅತ್ತಿಗೆ ಅದನ್ನು ಮನೆಯಲ್ಲೇ ಇಟ್ಟುಕೊಳ್ಳುತ್ತಾಳೆ. ಹೀಗೆ, ನಮ್ಮ ಮನೆ ಮುಳುಗಿಸುವ ಸಾಮಾನು ನಮ್ಮಮ್ಮನ ಮಂಚದ ಕೆಳಗೇ ಬೆಚ್ಚಗಿರುತ್ತದೆ.

ಮಧ್ಯಾಹ್ನ ಇಂಜಿನಿಯರ್ ಜೀಪಿನಲ್ಲಿ ಬಂದ. ಕೈಯಲ್ಲಿದ್ದ ನಕ್ಷೆಗೆ ಪ್ಲಾಸ್ಟಿಕ್ ಹೊದಿಸಿದ್ದ. ನಕ್ಷೆ ನೆನೆಯಬಾರದಲ್ಲ.

"ಹೊಳೆ ತುಂಬ್ತಾ ಇದೆ, ಓಣಿ ಗೇಟ್ ತೆಗೀರಿ."

"ಸಾರ್, ಅತ್ತೆ ಕಾಲು ಮುರ್ಕೊಂಡು ಮಲಗಿದ್ದಾರೆ. ಪ್ಲಾಸ್ಟರ್ ಹಾಕಿ ನಾಲ್ಕು ದಿನ ಆಗಿಲ್ಲ. ಇದೊಂದ್ಸಲ ಮೈದಾನಕ್ಕೆ ಬಿಡಿ. ಅಲ್ಲಿ ಒಂದು ನರಪಿಳ್ಳೇನೂ ಇಲ್ಲ."

"ಹುಲ್ಲಿದೆಯಲ್ಲಮ್ಮಾ! ಹೊರದೇಶದ ಹುಲ್ಲು. ಎರಡು ದಿನ ನೀರು ನಿಂತ್ರೆ ಕೊಳೆತುಹೋಗತ್ತೆ."

"ನಮ್ಮತ್ತೆ ಕೊಳೆಯಲ್ವಾ?"

ಇಂಜಿನಿಯರ್ ಒಳ್ಳೆಯ ಮನುಷ್ಯ, ಸಿಟ್ಟಾಗಲಿಲ್ಲ. ಒಂದನೇ ಕ್ಲಾಸಿನ ಮಕ್ಕಳಿಗೆ ತೋರಿಸುವಂತೆ ನಕ್ಷೆ ತೋರಿಸಿದ. ನಮ್ಮ ಓಣಿ ಇರಬೇಕಾದ ಕಡೆ ಬರೀ ನೀಲಿ.

"ನೋಡು, ಇದು ನೀರು ನಿಲ್ಲೋ ಜಾಗ. ಹೋದ ತಿಂಗಳೇ ಪಾಸಾಗಿದೆ. ಇಲ್ಲಿ ಮನೆಗಳೇ ಇಲ್ಲ."

"ಮತ್ತೆ ನಾವೆಲ್ಲಿದ್ದೀವಿ ಸಾರ್?"

"ಅದು ನನ್ನ ಸೆಕ್ಷನ್ ಅಲ್ಲ."

"ಬಾಯಿ ಮುಚ್ಕೊಂಡು ಹ್ಯಾಂಡಲ್ ತಾರೇ ಬೇವರ್ಸಿ!" ಮೇಸ್ತ್ರಿ ಕೂಗಿದ. "ಇಲ್ಲಾಂದ್ರೆ ನಾಳೆಯಿಂದ ಈ ಕಡೆ ತಲೆ ಹಾಕ್ಬೇಡ."

"ತರ್ತೀನಿ ಬಿಡಣ್ಣ." ಅತ್ತಿಗೆ ಎಷ್ಟು ಮೆತ್ತಗೆ ಹೇಳಿದಳೆಂದರೆ, ನನಗೇ ಹೆದರಿಕೆಯಾಯಿತು.

ಮನೆಯಲ್ಲಿ ಅಮ್ಮ ನಮ್ಮ ಮುಖ ನೋಡಿದವಳೇ ಕೇಳಿದಳು, "ಇವತ್ತೂ ನಮ್ಮ ಕಡೆಗೇನಾ?"

ಅತ್ತಿಗೆ ಮಂಚದ ಕೆಳಗಿನಿಂದ ಹ್ಯಾಂಡಲ್ ಎಳೆದಳು. ಅದನ್ನೇ ಸ್ವಲ್ಪ ಹೊತ್ತು ನೋಡಿದಳು. "ಅತ್ತೆ, ಸೊಂಟ ಎತ್ತಿ."

"ಅಯ್ಯಯ್ಯೋ, ಕೊರೀತದಲ್ಲೇ!"

"ತಡ್ಕೊಳ್ಳಿ."

ಆಮೇಲೆ ಬಾಗಿಲಿಗೆ ಹೋಗಿ ಓಣಿಗೆಲ್ಲ ಕೇಳುವಂತೆ ಕೂಗಿದಳು. ಗಾರೆಯವನು, ಇಸ್ತ್ರಿಯವನು, ನಾವಿಬ್ಬರು ಮಂಚದ ಮೂಲೆಗೊಬ್ಬರಂತೆ ಹಿಡಿದು, ಅಮ್ಮನ ಸಮೇತ ತಂದು ಗೇಟಿನ ಕಟ್ಟೆಯ ಮೇಲೆ ಇಳಿಸಿದೆವು. ಉಳಿದವರು ಹಿಂದೆಯೇ ಬಂದರು.

"ಏನಿದು?" ಇಂಜಿನಿಯರ್ ಬೆಚ್ಚಿದ.

"ಹ್ಯಾಂಡಲ್ ಸಾರ್. ಅತ್ತೆಯ ಕೆಳಗಿದೆ. ಮೈದಾನದ ಗೇಟಿಗಾದ್ರೆ ಈಗಲೇ ತೆಗೆದುಕೊಡ್ತೀನಿ. ಓಣಿ ಗೇಟಿಗಾದ್ರೆ ನೀವೇ ಎಬ್ಬಿಸಿ ತಗೊಳ್ಳಿ."

ಮೇಸ್ತ್ರಿ ಮುಂದೆ ಬಂದ.

"ಮುಟ್ಟು ನೋಡೋಣ, ಹಲ್ಕಾ ನನ್ಮಗನೇ!" ಎಂದಳು ಅಮ್ಮ. "ಮುರಿದಿರೋದು ಕಾಲು, ಕೈಯಲ್ಲ."

ಮೇಸ್ತ್ರಿ ಕೊಡೆ ಸರಿಮಾಡಿಕೊಳ್ಳುತ್ತಾ ಹಿಂದೆ ಸರಿದ.

"ಅಮ್ಮಾ, ದಯವಿಟ್ಟು ಸ್ವಲ್ಪ ಏಳಿ," ಎಂದ ಇಂಜಿನಿಯರ್. ಮೋರಿಯ ಹತ್ತಿರ ಆ ಪದ ಯಾರಾದರೂ ಆಡಿದ್ದು ಅದೇ ಮೊದಲು.

"ಆರು ವಾರ ಏಳಬಾರ್ದಂತೆ ಕಣಪ್ಪಾ. ಸರ್ಕಾರಿ ಡಾಕ್ಟ್ರು ಹೇಳಿದ್ದು. ಸರ್ಕಾರದ ಮಾತು ಮೀರಕ್ಕಾಗತ್ತಾ?"

ಮೋರಿ ಉಕ್ಕಿತು. ನೀರು ದಂಡೆ ಹತ್ತಿ ಜೀಪಿನ ಟೈರು ಮುಟ್ಟಿತು, ಬಡಾವಣೆಯ ರಸ್ತೆ ಹಿಡಿಯಿತು. ಇಂಜಿನಿಯರಿನ ಫೋನು ಹೊಡೆದುಕೊಳ್ಳತೊಡಗಿತು. ಅವನು ಒಮ್ಮೆ ಪೊಲೀಸರಿಗೆ ಹೇಳುತ್ತೇನೆಂದ, ಒಮ್ಮೆ ಕ್ಲಬ್ಬಿನವರನ್ನು ಕೇಳುತ್ತೇನೆಂದ.

ನೀರು ಕಟ್ಟೆಗೂ ಏರತೊಡಗಿದಾಗ ಗಾರೆಯವನು ಇಟ್ಟಿಗೆ ಹೊತ್ತು ತಂದ. ಅತ್ತಿಗೆ ಮಂಚದ ಕಾಲುಗಳ ಕೆಳಗೆ ಒಂದೊಂದೇ ತಳ್ಳಿ, ತಲೆಯೆತ್ತಿ ಕೇಳಿದಳು:

"ಅತ್ತೆ, ಒಂದು ಸಾಕಾ, ಎರಡೆರಡು ಇಡ್ಲಾ?"