ನನ್ನ ಅಳತೆಯ ಸೀಟು

ನನ್ನ ಗಂಡ ಆರಡಿಯ ಮೇಲೆ ಇನ್ನೂ ಸ್ವಲ್ಪ. ನಾನು ಅವರ ಭುಜಕ್ಕೂ ಎಟುಕದವಳು. ಮದುವೆಯ ದಿನ ನೆಂಟರೆಲ್ಲ ಕಂಬದ ಪಕ್ಕ ಕೋಳಿ ನಿಲ್ಲಿಸಿದ ಹಾಗಿದೆ ಎಂದು ನಕ್ಕಿದ್ದರಂತೆ. ನಗಲಿ ಬಿಡಿ, ಕಂಬವೂ ಕೋಳಿಯೂ ಚೆನ್ನಾಗಿಯೇ ಬಾಳಿದೆವು. ತೊಂದರೆ ಶುರುವಾದದ್ದು ಅವರು ಹೋದ ಮೇಲೆ, ಅವರ ಕಾರಿನ ಸೀಟಿನಿಂದ.

ಆ ಸೀಟು ಅವರ ಕಾಲಿನ ಉದ್ದಕ್ಕೆ ತಕ್ಕಂತೆ ಹಿಂದಕ್ಕೆ ಸರಿದು, ಅದು ಜಾರುವ ಕೆಳಗಿನ ಕಂಬಿ ತುಕ್ಕು ಹಿಡಿದು, ಅಲ್ಲೇ ಕಚ್ಚಿಕೊಂಡಿತ್ತು. ನಾನು ದರ್ಜಿ. ಹೊಲಿದ ಬಟ್ಟೆಯನ್ನು ಅಂಗಡಿಗಳಿಗೆ ನಾನೇ ತಲುಪಿಸಬೇಕು, ಅದಕ್ಕೆ ಕಾರು ಬೇಕೇ ಬೇಕು. ಹಟ ಹಿಡಿದು ಓಡಿಸುವುದನ್ನು ಕಲಿತೆ. ಬೆನ್ನಿಗೆ ಎರಡು ದಿಂಬು, ಕೂರಲು ಒಂದು ದಿಂಬು ಹೊಲಿದುಕೊಂಡೆ. ಇಷ್ಟಾದರೂ ಬ್ರೇಕಿಗೆ ಎಟುಕುತ್ತಿದ್ದದ್ದು ಕಾಲಿನ ತುದಿ ಮಾತ್ರ.

ಮೆಕ್ಯಾನಿಕ್ ಕಾರಿನ ಕೆಳಗೆ ತೂರಿ ನೋಡಿ ಹೊರಬಂದು ಕೈ ಒರೆಸಿಕೊಂಡ.

"ಕಂಬಿ ಕೀಳೋಕೆ ಹೋದ್ರೆ ತಳಾನೇ ಕೈಗೆ ಬರುತ್ತಮ್ಮ. ತಳ ಪೂರ್ತಿ ಹೊಸದು ಹಾಕ್ಬೇಕು. ಹಾಕಿದ್ರೆ ಬಾಗಿಲು ಕೂರಲ್ಲ. ಮಾಡಲ್ಲ ಅಂತಲ್ಲ, ಈ ಕಾರಿಂದಾನೇ ನನ್ನ ಗ್ಯಾರೇಜಿನ ಅರ್ಧ ಗೋಡೆ ಎದ್ದಿರೋದು."

"ಇನ್ನರ್ಧ ಬೇರೆ ಯಾರಿಂದಾದ್ರೂ ಎಬ್ಬಿಸ್ಕೋ," ಎಂದು ಮನೆಗೆ ಬಂದೆ. ಆದರೂ ದಿಂಬು ಇದೆಯಲ್ಲ ಎಂದು ದಿನ ದೂಡಿದೆ.

ಒಂದು ಬೆಳಿಗ್ಗೆ ಇಳಿಜಾರಿನಲ್ಲಿ ಬ್ರೇಕ್ ಒತ್ತಿದಾಗ ಬೆನ್ನ ಹಿಂದಿನ ದಿಂಬು ಜಾರಿತು. ನಾನು ಹಿಂದಕ್ಕೆ ಹೋದೆ, ಕಾಲು ಬ್ರೇಕಿನಿಂದ ತಪ್ಪಿತು, ಕಾರು ಮಾತ್ರ ಮುಂದಕ್ಕೆ ಹೋಯಿತು. ಎದುರಿಗೆ ಬ್ರೆಡ್ ಮಾರುವವನ ತಳ್ಳುಗಾಡಿ. ಹೇಗೆ ಕೈ ಬ್ರೇಕ್ ಎಳೆದೆನೋ ನನಗೇ ಗೊತ್ತಿಲ್ಲ. ಕೂದಲೆಳೆಯ ಅಂತರದಲ್ಲಿ ಕಾರು ನಿಂತಿತು. ಅವನು ಬಯ್ಯಲೂ ಮರೆತು ನನ್ನನ್ನೇ ನೋಡುತ್ತಿದ್ದ. ನನ್ನ ಜೀವ ಬಾಯಿಗೆ ಬಂದಿತ್ತು. ಅವನೂ ಯಾರದೋ ಮನೆಯ ಮಗ. ಸಾಕು, ಈ ಕಾರು ಬದಲಾಯಿಸಲೇಬೇಕು ಎಂದು ಅಲ್ಲೇ ತೀರ್ಮಾನಿಸಿದೆ. ಇಲ್ಲದಿದ್ದರೆ ಓಡಿಸುವುದನ್ನೇ ಬಿಡಬೇಕು, ಬಿಟ್ಟರೆ ನನ್ನ ಕಸುಬಿಗೂ ಕತ್ತರಿ.

ಮಗ, ಮಗಳು, ಮೈದುನ ಮೂವರನ್ನೂ ಕರೆಸಿ ವಿಷಯ ಹೇಳಿದೆ. ಹೇಳಿದ್ದೇ ತಪ್ಪಾಯಿತು ನೋಡಿ, ಹೊಲಿಗೆ ಕೋಣೆ ಸಂತಾಪ ಸಭೆಯಾಯಿತು.

"ಅಮ್ಮ, ಅಪ್ಪ ಈಗಲೂ ಆ ಸೀಟಲ್ಲಿ ಕೂತಿರೋ ಹಾಗೇ ಅನ್ಸುತ್ತೆ," ಎಂದ ಮಗ.

"ಅಣ್ಣ ಇದ್ದಿದ್ರೆ ಒಪ್ತಿದ್ನಾ ಅತ್ತಿಗೆ?" ಎಂದರು ಮೈದುನ.

ಮಗಳು ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಆ ಸ್ಟೀರಿಂಗಿನ ಮೇಲೆ ಅವರ ಹೆಬ್ಬೆರಳು ಸವೆಸಿದ ಜಾಗವನ್ನು ನಾನು ದಿನಾ ಮುಟ್ಟುತ್ತೇನೆ, ಇವರಲ್ಲ. ಆ ನೆನಪಿನ ಬಗ್ಗೆ ನನಗೇ ಬುದ್ಧಿ ಹೇಳುತ್ತಾರಲ್ಲ ಎಂದು ಸಿಟ್ಟು ನೆತ್ತಿಗೇರಿತು.

ಕೀಲಿಯನ್ನು ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಠಣ್ ಎಂದು ಇಟ್ಟೆ.

"ಸರಿ, ಮಾರಲ್ಲ. ನೆನಪು ಎಲ್ಲರದ್ದೂ ತಾನೆ? ಯಾರು ತಗೊಂಡು ಹೋಗ್ತೀರ?"

ಬೆಕ್ಕಿಗೆ ಗಂಟೆ ಕಟ್ಟುವವರು ಯಾರು ಎಂಬಂತೆ ಮುಖ ಮುಖ ನೋಡಿಕೊಂಡರು. ಮಗನ ಮನೆಯಲ್ಲಿ ನಿಲ್ಲಿಸಲು ಜಾಗವಿಲ್ಲವಂತೆ. ಮಗಳ ಕೂಸಿಗೆ ಪೆಟ್ರೋಲ್ ವಾಸನೆ ಆಗುವುದಿಲ್ಲವಂತೆ. ಮೈದುನರಿಗೆ ಇದ್ದಕ್ಕಿದ್ದಂತೆ ಸೊಂಟನೋವು ಬಂತು, ಪಾಪ, ಕೂತಲ್ಲೇ.

"ನಾವೆಲ್ಲ ಸೇರಿ ರಿಪೇರಿ ಮಾಡಿಸಿಕೊಡ್ತೀವಮ್ಮ," ಎಂದಳು ಮಗಳು.

ಅಂಗೈ ಹುಣ್ಣಿಗೆ ಕನ್ನಡಿ ಬೇಕಿಲ್ಲ ಅನ್ನುತ್ತಾರೆ. ಇವರಿಗೆ ಬೇಕಿತ್ತು. ಮಗಳು ಎತ್ತರದಲ್ಲಿ ನನ್ನದೇ ಅಚ್ಚು. ಕೈ ಹಿಡಿದು ಹೊರಗೆ ಕರೆದುಕೊಂಡು ಹೋಗಿ, ದಿಂಬುಗಳನ್ನೆಲ್ಲ ತೆಗೆದು ಪಕ್ಕಕ್ಕಿಟ್ಟು ಹೇಳಿದೆ:

"ಕೂತ್ಕೋ. ಬ್ರೇಕ್ ಒತ್ತು."

ಕೂತಳು. ಕಾಲು ಚಾಚಿದಳು. ಜಾರಿ ಜಾರಿ ಸೀಟಿನ ಅಂಚಿಗೆ ಬಂದು ಚಾಚಿದಳು. ಆಮೇಲೆ ನನ್ನ ಕಡೆ ತಿರುಗಿದಾಗ ಅವಳ ಮುಖದ ಬಣ್ಣ ಹೋಗಿತ್ತು.

"ಅಮ್ಮ, ಎಟುಕ್ತಾನೇ ಇಲ್ಲ. ನೀನು ಇಷ್ಟು ದಿನ ಇದರಲ್ಲಿ..."

"ಹೂಂ. ಇದರಲ್ಲೇ."

ಕೆಳಗಿಳಿದು ನನ್ನನ್ನು ತಬ್ಬಿಕೊಂಡಳು. ಹಿಂದೆಯೇ ಬಂದು ನಿಂತಿದ್ದ ಅಣ್ಣನ ಕಡೆ, ಚಿಕ್ಕಪ್ಪನ ಕಡೆ ಕಣ್ಣು ಕೆಂಪು ಮಾಡಿ ನೋಡಿದಳು.

"ಮಾರೋದೇ. ಇನ್ಯಾರೂ ಬಾಯಿ ಬಿಡ್ಬೇಡಿ."

ಮೈದುನರು ಸೊಂಟ ಹಿಡಿದುಕೊಂಡು ಒಳಗೆ ನಡೆದರು.

ನನ್ನ ಹತ್ತಿರ ಬರುವ ಹೆಂಗಸರಲ್ಲಿ ಕೆಲವರು, "ರವಿಕೆ ಬಿಗಿಯಾದ್ರೂ ಪರವಾಗಿಲ್ಲ, ನಾನೇ ಸಣ್ಣ ಆಗ್ತೀನಿ," ಅನ್ನುತ್ತಾರೆ. "ಮೈಗೆ ಬಟ್ಟೆ ಹೊಲಿಯೋದು ಗೊತ್ತು ತಾಯಿ, ಬಟ್ಟೆಗೆ ಮೈ ಹೊಲಿಯೋದು ನನಗೆ ಬರಲ್ಲ," ಎಂದು ಗದರಿಸುತ್ತೇನೆ. ಹೀಗೆ ಊರಿಗೆಲ್ಲ ಉಪದೇಶ ಮಾಡಿದವಳು ನಾನೇ ಒಂದು ಕಾರಿನ ಅಳತೆಗೆ ನನ್ನನ್ನು ಹೊಲಿದುಕೊಂಡು ಕೂತಿದ್ದೆ.

ಮಗನ ಜೊತೆ ಕಾರಿನ ಶೋರೂಮಿಗೆ ಕೊರಳಲ್ಲಿ ಅಳತೆ ಟೇಪು ಹಾಕಿಕೊಂಡೇ ಹೋದೆ. ಮಾರುವ ಹುಡುಗಿ ಮಗನ ಕಡೆ ತಿರುಗಿಕೊಂಡು ಎಂಜಿನ್ನಿನ ಶಕ್ತಿ, ಹಾಡಿನ ಸ್ಪೀಕರು ಎಂದು ಬಣ್ಣಿಸುತ್ತಿದ್ದಳು. ನಾನು ಒಂದೊಂದೇ ಕಾರಿನಲ್ಲಿ ಕೂತು, ಸೀಟನ್ನು ಪೂರ್ತಿ ಮುಂದಕ್ಕೆಳೆದು, ಸೊಂಟದಿಂದ ಬ್ರೇಕಿನವರೆಗೆ ಟೇಪು ಹಿಡಿದೆ. ದೊಡ್ಡದು ಬೇಡ ಎಂದೆ. ಕೆಂಪಗಿನದ್ದೂ ಬೇಡ ಎಂದೆ, ಅದರಲ್ಲಿ ಬ್ರೇಕ್ ಇನ್ನೂ ದೂರ. ಮೂಲೆಯಲ್ಲಿ ಒಂದು ಪುಟ್ಟ ನೀಲಿ ಕಾರಿತ್ತು. ಅದರಲ್ಲಿ ಕೂತು ಕಾಲಿಟ್ಟೆ. ಹಿಮ್ಮಡಿ ನೆಲಕ್ಕೆ ಊರಿತು, ಪಾದ ಪೂರ್ತಿ ಬ್ರೇಕಿನ ಮೇಲೆ ಕೂತಿತು. ಬೆನ್ನಿಗೆ ಸೀಟೇ ತಾಗಿತು, ದಿಂಬಲ್ಲ. ಟೇಪು ಬಿಚ್ಚಲೂ ಇಲ್ಲ.

"ಇದೇ," ಎಂದೆ. ಹೆಮ್ಮೆಯಿಂದ ಎದೆ ಉಬ್ಬಿಹೋಗಿತ್ತು.

ಹಳೆಯ ಕಾರನ್ನು ಮೆಕ್ಯಾನಿಕ್ ತೆಗೆದುಕೊಂಡ. ಒಯ್ಯುವ ಮುಂಚೆ ಅದರಲ್ಲಿ ಒಬ್ಬಳೇ ಕೂತು ಹೆಬ್ಬೆರಳಿನ ಜಾಗ ಸವರಿದೆ, ಅತ್ತುಬಿಟ್ಟೆ, ಇಳಿದು ಬಂದೆ. ಅವರು ನೆನಪಾಗಲು ಆ ಸೀಟೇ ಬೇಕೆಂದಿಲ್ಲ. ಅವರ ಎತ್ತರವನ್ನು ನನ್ನ ಮಗನೇ ಹೊತ್ತುಕೊಂಡು ಓಡಾಡುತ್ತಾನೆ.

ಹೊಸ ಕಾರು ಬಂದ ದಿನ ಅದೇ ಮಗ, "ಅಮ್ಮ, ಮೊದಲು ನಾನೊಂದು ಸುತ್ತು ಹೊಡೀತೀನಿ," ಎಂದು ಒಳಗೆ ತೂರಿಕೊಂಡ. ಮಂಡಿ ಎರಡೂ ಸ್ಟೀರಿಂಗಿಗೆ ಸಿಕ್ಕಿಕೊಂಡವು. ಸೀಟು ಹಿಂದಕ್ಕೆ ತಳ್ಳಲು ಕೆಳಗೆ ಕೈ ಹಾಕಿದ. ಆ ಕೈಯ ಮೇಲೆ ಪಟ್ಟನೆ ಒಂದು ಕೊಟ್ಟೆ.

"ಮುಟ್ಬೇಡ. ಅದು ನನ್ನ ಅಳತೆ."

"ನಾನು ಹೇಗಮ್ಮ ಓಡಿಸೋದು?"

"ದಿಂಬು ಇದೆ, ಬೇಕಾ?"

ಮಗಳು ಬಿದ್ದು ಬಿದ್ದು ನಕ್ಕಳು. ಮಗ ಹೇಗೋ ಬಿಡಿಸಿಕೊಂಡು ಇಳಿದು, ಆ ಕಡೆ ಸುತ್ತಿ ಬಂದು, ಪಕ್ಕದ ಸೀಟಿನಲ್ಲಿ ತೆಪ್ಪಗೆ ಕೂತ. ನಾನು ಬಟ್ಟೆಯ ಗಂಟುಗಳನ್ನು ಹಿಂದೆ ಹಾಕಿ, ಕಾರು ಹೊರಡಿಸಿದೆ. ಅದೇ ಇಳಿಜಾರಿನಲ್ಲಿ ಬ್ರೆಡ್ಡಿನವನು ನನ್ನ ಮುಖ ಕಂಡದ್ದೇ ತಡ, ತಳ್ಳುಗಾಡಿ ಪಕ್ಕಕ್ಕೆ ಎಳೆದುಕೊಳ್ಳಲು ಓಡಿದ.

ನಾನು ಪಾದ ಊರಿ ಬ್ರೇಕ್ ಒತ್ತಿದೆ. ಎಲ್ಲಿ ನಿಲ್ಲಬೇಕೆಂದುಕೊಂಡಿದ್ದೆನೋ ಅಲ್ಲೇ ಕಾರು ನಿಂತಿತು. ಗಾಜಿಳಿಸಿ ಹೇಳಿದೆ:

"ಹೆದರ್ಬೇಡಪ್ಪ. ಬ್ರೆಡ್ ಕೊಡು."