ಪತ್ತೇದಾರನ ಪಕ್ಕದ ದನಿ

ಹೌದಾ ಮಾಮನ ಎದುರು ನಿಂತು ಮಾತಾಡಿದವರಿಗೆ ಮೊದಮೊದಲು ಮುಜುಗರವಾಗುತ್ತಿತ್ತು. ಅವರು ಎದುರಿಗಿರುವವರ ಕಣ್ಣು ನೋಡುತ್ತಿರಲಿಲ್ಲ, ತುಟಿ ನೋಡುತ್ತಿದ್ದರು. ನಾವು ಬಾಯಿ ಮುಚ್ಚಿದ ಮೇಲೂ, ತುಟಿ ಮತ್ತೆ ತೆರೆದೀತೇನೋ ಎಂಬ ಅನುಮಾನದಲ್ಲಿ ಅರೆಕ್ಷಣ ಕಾದು, ಆಮೇಲಷ್ಟೇ ತಮ್ಮ ಮಾತು ಶುರುಮಾಡುತ್ತಿದ್ದರು. ಬ್ಯಾಂಕಿನ ಕೌಂಟರಿನಲ್ಲಿ ಕೂತಿದ್ದ ಹೆಂಗಸೊಬ್ಬಳು ಇದನ್ನು ತಪ್ಪು ತಿಳಿದು, ವಯಸ್ಸಿಗೆ ತಕ್ಕ ಬುದ್ಧಿ ಬೇಡವೇ ಎಂದು ನಾಲ್ಕು ಜನರೆದುರು ದಬಾಯಿಸಿದ್ದುಂಟು. ಆ ಬೈಗುಳ ಪೂರ್ತಿ ಮುಗಿಯುವವರೆಗೂ ಮಾಮ ಅವಳ ತುಟಿಯನ್ನೇ ನೋಡುತ್ತ ನಿಂತದ್ದು ಕೆಟ್ಟಿದ್ದ ಕೆಲಸವನ್ನು ಇನ್ನಷ್ಟು ಕೆಡಿಸಿತು. ಪಾಪ, ಅದು ಚಪಲವಲ್ಲ, ಕಸುಬು. ಪರಭಾಷೆಯ ಧಾರಾವಾಹಿಗಳಲ್ಲಿ ನಟರ ತುಟಿಯ ಚಲನೆಗೆ ನಮ್ಮ ಭಾಷೆಯ ಮಾತನ್ನು ಹೊಂದಿಸಿ ಆಡುವ ಡಬ್ಬಿಂಗ್ ಕಲಾವಿದರು ಅವರು. ಆ ಮಾತುಗಳನ್ನು ಬರೆದುಕೊಡುವ ಕೆಲಸ ನನ್ನದು.

ಹೌದಾ ಎಂಬ ಬಿರುದು ಬಂದದ್ದೂ ಆ ಕಸುಬಿನಿಂದಲೇ. ತಲೆಮಾರುಗಳಿಂದ ಜನ ಓದುತ್ತ ಬಂದ ಕಥೆಗಳ ಪತ್ತೇದಾರನೊಬ್ಬನಿದ್ದಾನೆ; ಅವನ ಪಕ್ಕದಲ್ಲಿ ಸದಾ ಒಬ್ಬ ಸ್ನೇಹಿತ. ಪತ್ತೇದಾರ ಕಂಡುಹಿಡಿಯುತ್ತಾನೆ, ಸ್ನೇಹಿತ ಬೆರಗಾಗುತ್ತಾನೆ. ಈ ಕಥೆಗಳು ಮೊದಲು ಕುದುರೆಗಾಡಿಯ ಕಾಲದ ಉಡುಪಿನಲ್ಲೇ ಟೀವಿಗೆ ಬಂದವು. ಕೆಲವು ವರ್ಷ ಕಳೆದ ಮೇಲೆ ಮತ್ತೊಬ್ಬರು ಅದೇ ಜೋಡಿಯನ್ನು ಗಾಜಿನ ಕಟ್ಟಡಗಳ ನಡುವೆ ತಂದು ನಿಲ್ಲಿಸಿ, ಕೈಗೊಂದು ಮೊಬೈಲು ಕೊಟ್ಟರು. ಎರಡರಲ್ಲೂ ಪತ್ತೇದಾರನ ದನಿ ನಾವು ಕಂಠ ಎಂದು ಕರೆಯುತ್ತಿದ್ದ ಹಿರಿಯ ಕಲಾವಿದರದು. ಸ್ನೇಹಿತನ ದನಿ ಮಾಮನದು. ಪ್ರತಿ ಕಂತಿನಲ್ಲೂ ಕಂಠ ತಮ್ಮ ಗಂಭೀರನಾದದಲ್ಲಿ ರಹಸ್ಯ ಬಿಡಿಸುತ್ತಿದ್ದರೆ, ನಡುನಡುವೆ ಮಾಮ "ಹೌದಾ?" ಎನ್ನುತ್ತಿದ್ದರು. ನೋಡುಗರು ಹೊಗಳಿದ್ದು ಕಂಠದವರನ್ನು. ಹೊಗಳಿಕೆ ಕೇಳಿ ಮಾಮನೂ ನಿಜಕ್ಕೂ ಖುಷಿಪಟ್ಟು ತಲೆದೂಗುತ್ತಿದ್ದರು.

ಅವರದೊಂದು ಉಣ್ಣೆಯ ಕೋಟಿತ್ತು, ಅದಕ್ಕೆ ಗುಂಡಿಗಳೇ ಇರಲಿಲ್ಲ. ಗುಂಡಿ ಮೈಕಿನ ಕಂಬಿಗೆ ತಾಗಿ ಟಿಕ್ ಎಂದರೆ ಇಡೀ ದೃಶ್ಯ ಮತ್ತೆ ಮಾಡಬೇಕು. ಹೆಂಡತಿ ಹೊಲಿಗೆಯಾಕೆ, ಊರವರ ಬಟ್ಟೆಯನ್ನೆಲ್ಲ ನೆಟ್ಟಗೆ ಮಾಡುವವಳ ಗಂಡನೇ ಎದೆ ಬಿಟ್ಟುಕೊಂಡು ಓಡಾಡಿದರೆ ತನ್ನ ಮರ್ಯಾದೆ ಏನಾಗಬೇಕೆಂದು ಗುಂಡಿ ಹಚ್ಚುತ್ತಿದ್ದಳು, ಇವರು ಕತ್ತರಿಸುತ್ತಿದ್ದರು. ಸಂಸಾರದಲ್ಲಿ ಅವರಿಬ್ಬರ ನಡುವೆ ಬೇರೆ ಯುದ್ಧವನ್ನು ನಾನು ಕಂಡಿಲ್ಲ. ಹೆಜ್ಜೆಯಿಟ್ಟರೂ ಸದ್ದಾಗಬಾರದೆಂದು ಮಾಮನ ಕಾಲಿಗೆ ಮೆತ್ತನೆಯ ಚಪ್ಪಲಿ, ಜೇಬಿನ ಬೀಗದ ಕೈಗೆ ಕರವಸ್ತ್ರದ ಸುತ್ತು. ಹೀಗಾಗಿ ಮಾಮ ಯಾವಾಗ ಬಂದು ಬೆನ್ನ ಹಿಂದೆ ನಿಂತರೆಂದು ಯಾರಿಗೂ ತಿಳಿಯದೆ, ಸ್ಟುಡಿಯೋದ ಚಹಾದವನು ಎಷ್ಟೋ ಸಲ ಬೆಚ್ಚಿ ಕೈ ಸುಟ್ಟುಕೊಂಡಿದ್ದ.

ಎಲ್ಲಕ್ಕಿಂತ ದೊಡ್ಡ ಹಟವೆಂದರೆ ಅವರು ಕಂತಿನ ಕೊನೆಯ ಪುಟಗಳನ್ನು ಮೊದಲೇ ಓದುತ್ತಿರಲಿಲ್ಲ. ಕೊಲೆಗಾರ ಯಾರೆಂದು ತನಗೆ ಗೊತ್ತಾಗಿಬಿಟ್ಟರೆ ತನ್ನ ಪ್ರಶ್ನೆ ನಾಟಕವಾಗುತ್ತದೆ ಎಂಬುದು ಅವರ ವಾದ. ನಾನು ಬರೆದದ್ದನ್ನು ನಾನೇ ಮಡಚಿ, ಪಿನ್ನು ಹೊಡೆದು ಕೊಡಬೇಕಾಗಿತ್ತು. ನಾನು ತಮಾಷೆಗೆಂದು ಒಮ್ಮೆ ಚಹಾದ ಹೊತ್ತಿನಲ್ಲಿ ಕೊಲೆಗಾರನ ಹೆಸರು ಹೇಳಿಬಿಟ್ಟೆ. ಮಾಮ ಒಂದು ವಾರ ನನ್ನ ತುಟಿಯನ್ನೂ ನೋಡಲಿಲ್ಲ.

ಹೀಗಿರುವಾಗ ಮೂರನೆಯ ಅವತಾರ ಬಂತು. ಹಳೆಯ ಕಥೆಯನ್ನು ಹೊಸದು ಮಾಡಹೊರಟವರು ಪತ್ತೇದಾರನ ಟೊಪ್ಪಿ ತೆಗೆದಾರು, ಮನೆ ಬದಲಿಸಿಯಾರು, ಅವನನ್ನು ಮಾತ್ರ ಉಳಿಸಿಕೊಳ್ಳಲೇಬೇಕು. ಬದಲಾಯಿಸಲು ಸಲೀಸಾಗಿ ಕೈಗೆ ಸಿಗುವವನು ಪಕ್ಕದವನೇ. ಈ ಸಲ ಸ್ನೇಹಿತನ ಜಾಗಕ್ಕೆ ಚುರುಕಾದ ಯುವತಿಯೊಬ್ಬಳು ಬಂದಳು. ಅವಳು ಬೆರಗಾಗುವವಳಲ್ಲ, ವಾದಿಸುವವಳು. ಮಾಮನಿಗೆ ಅಲ್ಲಿ ಕೆಲಸವಿರಲಿಲ್ಲ. ಸುದ್ದಿ ತಿಳಿದಾಗ ಅವರು ಒಳ್ಳೆಯದಾಯಿತು, ಆ ಹುಡುಗಿ ಚೆನ್ನಾಗಿ ಜಗಳವಾಡುತ್ತಾಳೆ ಎಂದರಾದರೂ, ಅಂದು ಅವರು ಕುಡಿಯದೆ ಬಿಟ್ಟ ಚಹಾ ಬೆಂಚಿನ ಮೇಲೆ ಹಾಗೇ ಆರಿಹೋಗಿತ್ತು.

ಧ್ವನಿಮುದ್ರಣ ಇನ್ನೇನು ಶುರುವಾಗಬೇಕು, ಕಂಠದವರಿಗೆ ಗಂಟಲಿನ ಶಸ್ತ್ರಚಿಕಿತ್ಸೆಯಾಯಿತು. ದನಿ ಮರಳಬಹುದು, ಮರಳದಿರಲೂಬಹುದು ಎಂದರು ವೈದ್ಯರು. ನಿರ್ದೇಶಕ ಎರಡು ದಿನ ತಲೆ ಕೆರೆದುಕೊಂಡು, ಕೊನೆಗೆ ಮಾಮನನ್ನು ಕರೆಸಿ, ಪತ್ತೇದಾರನ ಪಾತ್ರಕ್ಕೆ ಒಮ್ಮೆ ದನಿ ಕೊಟ್ಟು ನೋಡಲು ಹೇಳಿದ.

ಮೊದಲ ಪ್ರಯತ್ನ ನಗೆಪಾಟಲಾಯಿತು. "ಕೊಲೆಗಾರ ಈ ಕೋಣೆಯಲ್ಲೇ ಇದ್ದಾನೆ" ಎಂಬ ಮಾತು ಮಾಮನ ಬಾಯಲ್ಲಿ, ಇದ್ದರೆ ತಮಗೆ ಅಭ್ಯಂತರವಿಲ್ಲ ತಾನೇ ಎಂಬಂತೆ ಕೊನೆಯಲ್ಲಿ ಮೇಲಕ್ಕೆ ಎದ್ದಿತು. ಎಷ್ಟೋ ವರ್ಷ ಪ್ರಶ್ನೆಯನ್ನೇ ಆಡಿದ ನಾಲಿಗೆ. ನಾಯಿಬಾಲದ ಡೊಂಕು ಎಂದು ಯಂತ್ರದ ಮುಂದೆ ಕೂತಿದ್ದವನು ಗೊಣಗಿದ. ಮಾಮ ಕೋಟು ಕಳಚಿ ಕುರ್ಚಿಗೆ ಹಾಕಿ, ಕಣ್ಣು ಮುಚ್ಚಿ ನಿಂತು, ಮತ್ತೆ ಆಡಿದರು. ಆ ಮಾತು ಬರೆದವನು ನಾನು, ಕೊಲೆಗಾರನನ್ನು ಬಲ್ಲವನು. ಆದರೂ ಆ ದನಿ ಕೇಳಿ, ಯಾರಿರಬಹುದು ಎಂದು ಕೋಣೆಯಲ್ಲಿದ್ದವರ ಮುಖಗಳನ್ನು ಒಮ್ಮೆ ನೋಡಿಬಿಟ್ಟೆ. ನಿರ್ದೇಶಕ ಗಾಜಿನಾಚೆಯಿಂದ ಎದ್ದು ಬಂದು ಮಾಮನ ಕೈ ಹಿಡಿದುಕೊಂಡ. ಜೀವಮಾನದಲ್ಲಿ ಮೊದಲ ಬಾರಿಗೆ ಮುಖ್ಯ ಪಾತ್ರ ಅವರದಾಗಿತ್ತು. ಒಪ್ಪಿಗೆ ಎಂದರೆ ಸಾಕಿತ್ತು. ಮಾಮನ ಕಿವಿಯ ತುದಿಯವರೆಗೂ ಸಂತೋಷ ಕೆಂಪೇರಿತ್ತು. ಆದರೆ ಅವರು ಅಂದದ್ದು, ಒಬ್ಬರನ್ನು ಒಂದು ಮಾತು ಕೇಳಿ ಬರುತ್ತೇನೆ ಎಂದು.

ಆಸ್ಪತ್ರೆಗೆ ನಾನೂ ಜೊತೆಗೆ ಹೋದೆ. ಕಂಠದವರು ಕುತ್ತಿಗೆಗೆ ಬಿಳಿ ಪಟ್ಟಿ ಸುತ್ತಿಸಿಕೊಂಡು ದಿಂಬಿಗೆ ಒರಗಿದ್ದರು. ಪಿಸುಮಾತೂ ಆಡಕೂಡದೆಂದು ಕಟ್ಟಪ್ಪಣೆಯಾಗಿತ್ತು. ಮಾಮ ಮಂಚದ ಬಳಿ ನಿಂತು, ಸುತ್ತಿಬಳಸದೆ ಹೇಳಿದರು:

"ನಿನ್ನ ಪಾತ್ರಾನ ನಂಗೆ ಮಾಡು ಅಂತಿದ್ದಾರೆ. ಮಾಡ್ಲಾ?"

ಕಂಠದವರು ಬಹಳ ಹೊತ್ತು ಅವರನ್ನೇ ನೋಡಿ, ತಲೆಯನ್ನು ಎಡಕ್ಕೂ ಬಲಕ್ಕೂ ಆಡಿಸಿದರು. ಪಟ್ಟಿ ಕೆರೆಯುತ್ತಿರಬೇಕೆಂದುಕೊಂಡೆ ನಾನು. ಮಾಮನಿಗೂ ಅದೇ ಸಂಶಯ ಬಂದಿರಬೇಕು.

"ನೀನು ಬೇಡ ಅಂದ್ರೆ ಬೇಡ. ಮಾಡ್ಲಾ?"

ತಲೆ ಮತ್ತೆ ಅಡ್ಡಡ್ಡ ಆಡಿತು. ಈ ಸಲ ಕಂಠದವರು ಕಣ್ಣು ಮುಚ್ಚಿಕೊಂಡರು. ತನ್ನ ಜಾಗಕ್ಕೆ ಪರಿಚಿತನೊಬ್ಬ ಬಂದು ಗೆದ್ದುಬಿಟ್ಟರೆ ತನ್ನನ್ನು ಮತ್ತೆ ಯಾರು ಕರೆಯುತ್ತಾರೆಂಬ ಭಯವೋ, ಬರೀ ಹೊಟ್ಟೆಕಿಚ್ಚೋ, ಅವರೇ ಬಲ್ಲರು. ಮಾಮ ಯಾಕೆಂದು ಕೇಳಲಿಲ್ಲ. ಜಾರಿದ್ದ ಹೊದಿಕೆಯನ್ನು ಸ್ನೇಹಿತನ ಎದೆಯವರೆಗೆ ಎಳೆದು, ನಾಳೆ ಬರುತ್ತೇನೆಂದು ಹೇಳಿ ಹೊರಟರು. ಮೆಟ್ಟಿಲಿಳಿಯುವಾಗ ನಾನು ಕಂಠದವರ ಮೇಲೆ ಬಾಯಿಗೆ ಬಂದಂತೆ ಹರಿಹಾಯ್ದೆ. ನನ್ನ ಸಿಟ್ಟು ಮುಗಿಯುವವರೆಗೆ ಮಾಮ ನಿಂತರು, ಆಮೇಲೆ ನಿರ್ದೇಶಕನಿಗೆ ಫೋನು ಮಾಡಿ ಆಗುವುದಿಲ್ಲ ಎಂದರು.

ಮನೆಯಲ್ಲಿ ಹೆಂಡತಿ ಹೊಲಿಗೆಯಂತ್ರ ನಿಲ್ಲಿಸಿ ಎಲ್ಲವನ್ನೂ ಕೇಳಿಸಿಕೊಂಡಳು. ಆಕೆ ಕೂಗಾಡಲಿಲ್ಲ, ದಾರ ಕಡಿದು, ತಣ್ಣಗೆ ಕೇಳಿದಳು.

"ಬೇಡ ಅಂತಾರೆ ಅನ್ನೋದು ನಿಮಗೆ ಗೊತ್ತಿರ್ಲಿಲ್ವಾ?"

"ಗೊತ್ತಿರ್ಲಿಲ್ಲ. ಅದಕ್ಕೇ ಕೇಳಿದ್ದು."

"ಆಯ್ತು, ಕೇಳಿದ್ರಿ. ಅವ್ರು ತಲೆ ಆಡಿಸಿದ್ರು ಅಂತ ಬಂದ ಭಾಗ್ಯಾನ ಒದೀಬೇಕಾ?"

"ಅವನು ಬೇಡ ಅಂದ್ರೂ ಮಾಡೋದಾದ್ರೆ, ಅವನ್ನ ಕೇಳಿದ್ದಾದ್ರೂ ಯಾಕೆ?"

ಆಕೆ ಮತ್ತೆ ಯಂತ್ರ ತುಳಿಯತೊಡಗಿದಳು. ನಾನು ಅಲ್ಲೇ ಕೂತಿದ್ದೆ. ಅವರಿಬ್ಬರಲ್ಲಿ ಯಾರ ಪರ ವಹಿಸಬೇಕೆಂದು ನನಗೆ ಇಂದಿಗೂ ತಿಳಿದಿಲ್ಲ.

ಪಾತ್ರ ಯಾರೋ ಹೊಸಬನಿಗೆ ಹೋಯಿತು, ಸರಣಿ ಚೆನ್ನಾಗಿಯೇ ಓಡಿತು. ಕಂಠದವರ ದನಿ ಮರಳಲಿಲ್ಲ. ಮಾಮನಿಗೆ ಈಗ ಸಿಗುವುದು ಕಾವಲುಗಾರ, ಎರಡನೇ ಪೊಲೀಸು, ಬಾಗಿಲು ತೆರೆಯುವ ಆಳು. ವಾರಕ್ಕೊಮ್ಮೆ ಕಂಠದವರ ಮನೆಗೆ ಹೋಗಿ, ಉತ್ತರ ಕೊಡಲಾಗದ ಆ ಮನುಷ್ಯನ ಎದುರು ಕೂತು ಲೋಕದ ಸುದ್ದಿಯನ್ನೆಲ್ಲ ಹೇಳಿ ಬರುತ್ತಾರೆ. ನಾನು ಆ ಮನೆಯ ಬೀದಿಗೂ ಕಾಲಿಡುವುದಿಲ್ಲ.

ಒಬ್ಬರನ್ನೊಬ್ಬರು ಕೇಳುವುದು ಲೋಕರೂಢಿಯೇ. ಆದರೆ ನಮ್ಮಲ್ಲಿ ಬಹಳ ಮಂದಿ ಹೂಂ ಎನ್ನುವವರನ್ನೇ ಹುಡುಕಿ ಕೇಳುತ್ತೇವೆ. ಅಪ್ಪಿತಪ್ಪಿ ಊಹೂಂ ಎಂದರೆ, ಶಾಸ್ತ್ರಕ್ಕೆ ಕೇಳಿದ್ದಾಯಿತಲ್ಲ ಎಂದು ಮುಂದೆ ನಡೆಯುತ್ತೇವೆ. ಮಾಮನಂಥವರು ಬೆರಳೆಣಿಕೆಯಷ್ಟು. ಅವರು ಕೇಳುವಾಗ ತಮ್ಮ ಬದುಕಿನ ಒಂದು ತುಂಡನ್ನು ನಿಜವಾಗಿಯೂ ಎದುರಿನವರ ಕೈಯಲ್ಲಿಟ್ಟು, ಕೊಟ್ಟರೆ ಕೊಡಲಿ, ಇಟ್ಟುಕೊಂಡರೆ ಇಟ್ಟುಕೊಳ್ಳಲಿ ಎಂದು ಕಾಯುತ್ತಾರೆ. ಅಂಥವರಿಗೆ ಬೇಡ ಎನ್ನುವುದು ಬಹಳ ಸುಲಭ. ಅದಕ್ಕೇ ಎಲ್ಲರೂ ಅವರಿಗೆ ಬೇಡ ಎನ್ನುತ್ತೇವೆ.